ತಾಯಿಯಂತೆ ಮಗಳು ಎಂಬ ಮಾತು ಕೋಳಿಗೆ ಎಷ್ಟು ಸಲ್ಲುತ್ತದೆ? ಮೊಟ್ಟೆ ಮತ್ತು ವಂಶವಾಹಿಗಳ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ಕೋಳಿ ಸಾಕುವವರು ನಾಲ್ವರು ಸೇರಿದರೆ ತಳಿಯ ಮಾತು ಬಂದೇ ಬರುತ್ತದೆ. ಯಾರ ಹೇಂಟೆ ಎಷ್ಟು ಇಟ್ಟಿತು, ಯಾವುದು ಎಷ್ಟು ದಿನ ಬಿಡದೆ ಇಟ್ಟಿತು ಎಂಬ ಲೆಕ್ಕ ಎಲ್ಲರ ಬಾಯಲ್ಲೂ ಇರುತ್ತದೆ. ಆ ಹೇಂಟೆಯ ಅಪ್ಪ ಯಾರು, ಅಕ್ಕತಂಗಿಯರು ಹೇಗೆ ಇಡುತ್ತಿದ್ದಾರೆ ಎಂದು ಕೇಳಿ ನೋಡಿ, ಮಾತು ನಿಂತುಹೋಗುತ್ತದೆ. ನನ್ನ ಬಳಿ ಬರುವ ಪ್ರಶ್ನೆಗಳಲ್ಲಿ ಹೆಚ್ಚಿನವು ಸುತ್ತಿ ಬಳಸಿ ಈ ಜಾಗಕ್ಕೇ ಬಂದು ನಿಲ್ಲುವುದರಿಂದ ಹುಂಜದಿಂದಲೇ ಆರಂಭಿಸುತ್ತೇನೆ.

ಹುಂಜ ಮೊಟ್ಟೆ ಇಡುವುದೇ ಇಲ್ಲ. ಅದರ ತಳಿಯನ್ನು ಏಕೆ ನೋಡಬೇಕು?

ಮರಿಯ ವಂಶವಾಹಿಗಳಲ್ಲಿ, ಅಂದರೆ ಜೀನ್‌ಗಳಲ್ಲಿ, ಅರ್ಧ ಅಪ್ಪನದು. ಹುಂಜ ಮೊಟ್ಟೆ ಇಡುವುದಿಲ್ಲ ನಿಜ, ಆದರೆ ಮೊಟ್ಟೆಗೆ ಸಂಬಂಧಿಸಿದ ವಂಶವಾಹಿಗಳೆಲ್ಲ ಅದರಲ್ಲೂ ಇವೆ. ಅದರ ಮೈಯಲ್ಲಿ ಅವು ಕಣ್ಣಿಗೆ ಕಾಣುವುದಿಲ್ಲ, ಮಗಳಲ್ಲಿ ಕಾಣುತ್ತವೆ. ಅಲ್ಲದೆ ಒಂದು ಹೇಂಟೆಯಿಂದ ಒಂದು ಋತುವಿನಲ್ಲಿ ಕೆಲವೇ ಡಜನ್ ಮರಿಗಳನ್ನು ಪಡೆಯಬಹುದು, ಒಂದು ಹುಂಜದಿಂದ ನೂರಾರು ಪಡೆಯಬಹುದು. ತಪ್ಪು ಹೇಂಟೆಯನ್ನು ಆರಿಸಿದರೆ ಒಂದು ಗೂಡಿನ ಮರಿಗಳು ಕೆಡುತ್ತವೆ. ತಪ್ಪು ಹುಂಜವನ್ನು ಆರಿಸಿದರೆ ಇಡೀ ಹಿಂಡು ಕೆಡುತ್ತದೆ.

ಇದಲ್ಲದೆ ಕೋಳಿಗಳಲ್ಲಿ ಇನ್ನೊಂದು ವಿಶೇಷವಿದೆ. ವಂಶವಾಹಿಗಳನ್ನು ಹೊತ್ತ ಎಳೆಗಳೇ ವರ್ಣತಂತುಗಳು. ಮನುಷ್ಯರಲ್ಲಿ ಎರಡು ಬೇರೆ ಬೇರೆ ಲಿಂಗ ವರ್ಣತಂತುಗಳಿರುವುದು ಗಂಡಿಗೆ. ಹಕ್ಕಿಗಳಲ್ಲಿ ಅದು ತಿರುಗುಮುರುಗು. ಹುಂಜಕ್ಕೆ ಎರಡು ಝಡ್ ವರ್ಣತಂತುಗಳು, ಹೇಂಟೆಗೆ ಒಂದು ಝಡ್ ಮತ್ತು ಒಂದು ಡಬ್ಲ್ಯು. ತಾಯಿಯಿಂದ ಡಬ್ಲ್ಯು ಬಂದರೆ ಮರಿ ಹೆಣ್ಣಾಗುತ್ತದೆ, ಝಡ್ ಬಂದರೆ ಗಂಡಾಗುತ್ತದೆ. ಹಾಗಾಗಿ ಯಾವ ಹೇಂಟೆಗೂ ತನ್ನ ತಾಯಿಯ ಝಡ್ ಸಿಗುವುದಿಲ್ಲ. ಅದರಲ್ಲಿರುವ ಒಂದೇ ಒಂದು ಝಡ್ ಅಪ್ಪನಿಂದ ಬಂದದ್ದು. ತಾಯಿಯ ಝಡ್ ಹೋಗುವುದು ಗಂಡುಮಕ್ಕಳಿಗೆ, ಅವರ ಮೂಲಕ ಮೊಮ್ಮಗಳಿಗೆ.

ಕೋಳಿಯ ಒಟ್ಟು ಜೀನೋಮಿನಲ್ಲಿ, ಅಂದರೆ ಎಲ್ಲ ವರ್ಣತಂತುಗಳ ಡಿಎನ್‌ಎ ಸೇರಿ, ಝಡ್‌ನ ಪಾಲು ಹತ್ತರಲ್ಲಿ ಒಂದಕ್ಕಿಂತ ಕಡಿಮೆ. ಉಳಿದ 38 ಜೋಡಿ ವರ್ಣತಂತುಗಳ ವಿಷಯದಲ್ಲಿ ‘ತಾಯಿಯಂತೆ ಮಗಳು, ನೂಲಿನಂತೆ ಸೀರೆ’ ಎಂಬ ಗಾದೆ ಅರ್ಧದಷ್ಟು ನಿಜ, ಝಡ್ ವಿಷಯದಲ್ಲಿ ಪೂರ್ತಿ ಸುಳ್ಳು. ನಿಮ್ಮ ಬಳಿ ಅಪರೂಪದ ಹೇಂಟೆ ಇದ್ದರೆ ಅದರ ಹೆಣ್ಣುಮರಿಗಳನ್ನು ಮಾತ್ರ ಉಳಿಸಿಕೊಂಡು ಗಂಡುಮರಿಗಳನ್ನೆಲ್ಲ ಮಾರಿಬಿಡಬೇಡಿ. ನಾನು ಒಮ್ಮೆ ಹಾಗೆಯೇ ಮಾಡಿ, ಮೂರು ವರ್ಷ ಕಾಯ್ದು ಬೆಳೆಸಿದ ಸಾಲೊಂದನ್ನು, ಅಂದರೆ ಒಂದೇ ವಂಶದ ಕೋಳಿಗಳ ಗುಂಪೊಂದನ್ನು, ಕಳೆದುಕೊಂಡೆ. ಆ ನೋವು ಇನ್ನೂ ಇದೆ.

ಝಡ್ ವರ್ಣತಂತುವಿನ ಒಂದೇ ಜೀನ್ ಮೊಟ್ಟೆಯ ಮೇಲೆ ಪರಿಣಾಮ ಬೀರಿದ ಉದಾಹರಣೆ ಇದೆಯೇ?

ಇದೆ. ರಕ್ತದಲ್ಲಿರುವ ಕೊಬ್ಬಿನ ಕಣಗಳನ್ನು ಹಿಡಿದು ಬೆಳೆಯುವ ಅಂಡದೊಳಗೆ ಸೇರಿಸುವ ಗ್ರಾಹಕವೊಂದಿದೆ (ಗ್ರಾಹಕ ಎಂದರೆ ಕೋಶದ ಮೇಲೆ ಕೂತು ನಿರ್ದಿಷ್ಟ ವಸ್ತುವನ್ನು ಹಿಡಿಯುವ ಪ್ರೋಟೀನ್). ಹಳದಿ ಲೋಳೆ ತುಂಬಿಕೊಳ್ಳುವುದೇ ಅದರಿಂದ. ಆ ಗ್ರಾಹಕದ ಜೀನ್ ಇರುವುದು ಝಡ್ ಮೇಲೆ. ಅದರಲ್ಲಿ ಡಿಎನ್‌ಎಯ ಒಂದೇ ಒಂದು ಅಕ್ಷರ ಬದಲಾದ ಕೋಳಿಗಳನ್ನು ಸಂಶೋಧಕರು ಗುರುತಿಸಿದ್ದಾರೆ. ಅಂಥ ಹೇಂಟೆಯ ರಕ್ತದಲ್ಲಿ ಕೊಬ್ಬು ಮಡುಗಟ್ಟುತ್ತದೆ, ಆದರೆ ಅಂಡದೊಳಗೆ ಹೋಗುವುದಿಲ್ಲ. ಹೇಂಟೆ ಹೆಚ್ಚುಕಡಿಮೆ ಬಂಜೆಯಾಗಿಯೇ ಉಳಿಯುತ್ತದೆ. ಈ ದೋಷವನ್ನು ಒಂದು ಝಡ್‌ನಲ್ಲಿ ಮಾತ್ರ ಹೊತ್ತ ಹುಂಜವೋ ಆರೋಗ್ಯವಾಗಿ, ಚಂದವಾಗಿ ಇರುತ್ತದೆ. ಅದರ ಹೆಣ್ಣುಮಕ್ಕಳಲ್ಲಿ ಅರ್ಧದಷ್ಟು ಹೇಂಟೆಗಳು ಮೊಟ್ಟೆ ಇಡುವುದಿಲ್ಲ. ಹುಂಜದ ಮೈಕಟ್ಟು ನೋಡಿ ಮಗಳ ಮೊಟ್ಟೆಯನ್ನು ಊಹಿಸಲಾಗದು ಎನ್ನುವುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಡ.

ಹಾಗಾದರೆ ‘ಹೆಚ್ಚು ಮೊಟ್ಟೆಯ ಜೀನ್’ ಎಂಬುದು ಒಂದಿದೆಯೇ?

ಇಲ್ಲ. ಇದ್ದರೆ ಅದು ಎಂದೋ ಎಲ್ಲ ಹಿಂಡುಗಳಲ್ಲೂ ತುಂಬಿಕೊಂಡಿರುತ್ತಿತ್ತು.

‘ವರ್ಷಕ್ಕೆ ಇಷ್ಟು ಮೊಟ್ಟೆ’ ಎಂಬುದು ಒಂದು ಗುಣವೇ ಅಲ್ಲ, ಹಲವು ಗುಣಗಳ ಮೊತ್ತ. ಮೊದಲ ಮೊಟ್ಟೆ ಯಾವ ವಯಸ್ಸಿಗೆ ಬಂತು, ಎಡೆಬಿಡದೆ ಎಷ್ಟು ದಿನ ಇಟ್ಟು ಒಂದು ದಿನ ಬಿಡುತ್ತದೆ, ಕಾವು ಕೂರುತ್ತದೆಯೇ, ಹಗಲು ಚಿಕ್ಕದಾದಾಗ ನಿಲ್ಲಿಸುತ್ತದೆಯೇ, ವರ್ಷದ ಕೊನೆಯವರೆಗೂ ಅದೇ ಲಯ ಹಿಡಿದಿಟ್ಟುಕೊಳ್ಳುತ್ತದೆಯೇ, ಹಳೆಯ ಪುಕ್ಕ ಉದುರಿಸಿ ಹೊಸದು ತರಲು ಎಷ್ಟು ಕಾಲ ಬೇಕು, ಹೀಗೆ. ಇವುಗಳಲ್ಲಿ ಪ್ರತಿಯೊಂದರ ಹಿಂದೆಯೂ ನೂರಾರು ಜೀನ್‌ಗಳು ಒಂದಿಷ್ಟು ಒಂದಿಷ್ಟು ಕೈ ಹಾಕುತ್ತವೆ.

ಈ ತಿಳಿವಳಿಕೆ ಸುಲಭವಾಗಿ ಬಂದದ್ದಲ್ಲ. ಅಮೆರಿಕದ ಮೇನ್ ರಾಜ್ಯದ ಕೃಷಿ ಪ್ರಯೋಗ ಕೇಂದ್ರದಲ್ಲಿ 1898ರಲ್ಲಿ ಒಂದು ಪ್ರಯೋಗ ಆರಂಭವಾಯಿತು. ಒಳಗೆ ಹೋದ ಕೋಳಿಯ ಹಿಂದೆ ಬಾಗಿಲು ತಾನಾಗಿ ಮುಚ್ಚಿಕೊಳ್ಳುವ ಗೂಡುಗಳನ್ನಿಟ್ಟು ಯಾವ ಹೇಂಟೆ ಎಷ್ಟು ಇಟ್ಟಿತು ಎಂದು ಬರೆದರು. ವರ್ಷಕ್ಕೆ 160ಕ್ಕಿಂತ ಹೆಚ್ಚು ಇಟ್ಟವುಗಳನ್ನೇ ಆರಿಸಿ ಮರಿ ಮಾಡಿಸಿದರು. ಹಲವು ವರ್ಷ ಕಳೆದರೂ ಹಿಂಡಿನ ಸರಾಸರಿ ಮೇಲೇರಲಿಲ್ಲ. 1909ರಲ್ಲಿ ಆ ಕೇಂದ್ರದ ವಿಜ್ಞಾನಿಗಳಾದ ರೇಮಂಡ್ ಪರ್ಲ್ ಮತ್ತು ಫ್ರಾಂಕ್ ಸರ್ಫೇಸ್ ಇದನ್ನು ಮುಚ್ಚಿಡದೆ ಪ್ರಕಟಿಸಿದರು. ಆಮೇಲೆ ಪರ್ಲ್ ದಾರಿ ಬದಲಿಸಿದರು. ಹೇಂಟೆ ತಾನು ಎಷ್ಟು ಇಟ್ಟಿತು ಎನ್ನುವುದನ್ನು ಬಿಟ್ಟು, ಅದರ ಹೆಣ್ಣುಮಕ್ಕಳು ಎಷ್ಟು ಇಟ್ಟರು ಎಂದು ನೋಡಿ ಆರಿಸತೊಡಗಿದರು. ಮೊಟ್ಟೆ ಏರಿತು.

1912ರಲ್ಲಿ ಅವರು ಮೊಟ್ಟೆಯ ಹಿಂದೆ ಎರಡು ಮುಖ್ಯ ಅಂಶಗಳಿವೆ, ಅವುಗಳಲ್ಲೊಂದು ಲಿಂಗ ವರ್ಣತಂತುವಿಗೆ ಅಂಟಿಕೊಂಡು ಬರುತ್ತದೆ ಎಂದು ವಾದಿಸಿದರು. ಎರಡೇ ಅಂಶಗಳು ಎಂಬ ಆ ಲೆಕ್ಕ ಉಳಿಯಲಿಲ್ಲ. ಮಕ್ಕಳನ್ನು ನೋಡಿ ತಂದೆತಾಯಿಯನ್ನು ಅಳೆಯಬೇಕೆಂಬ ಅವರ ವಿಧಾನ ಇಂದಿಗೂ ಉಳಿದಿದೆ.

ನನ್ನ ಹೇಂಟೆ ಉಳಿದವುಗಳಿಗಿಂತ 60 ಮೊಟ್ಟೆ ಹೆಚ್ಚು ಇಟ್ಟಿದೆ. ಮಗಳೂ ಅಷ್ಟೇ ಇಡುತ್ತಾಳೆಯೇ?

ಮೊಟ್ಟೆಯ ಸಂಖ್ಯೆಯಲ್ಲಿ ಹೇಂಟೆಯಿಂದ ಹೇಂಟೆಗೆ ಕಾಣುವ ವ್ಯತ್ಯಾಸದಲ್ಲಿ ವಂಶವಾಹಿಯ ಪಾಲು ಸಾಮಾನ್ಯವಾಗಿ ಶೇಕಡಾ 10ರಿಂದ 30. ಉಳಿದದ್ದು ಮೇವು, ಬೆಳಕು, ರೋಗ, ಹಿಂಡಿನ ಒಳಗಿನ ಜಗಳ, ಬರೀ ಅದೃಷ್ಟ. ಶೇಕಡಾ 20 ಎಂದಿಟ್ಟುಕೊಳ್ಳಿ. ಆಗ 60ರಲ್ಲಿ ನಿಜವಾಗಿ ತಳಿಯದು ಎಂದು ನಂಬಬಹುದಾದದ್ದು 12. ಮಗಳಿಗೆ ತಲುಪುವುದು ಅದರ ಅರ್ಧ. ಸಾಧಾರಣ ಹುಂಜದ ಜೊತೆ ಕೂಡಿಸಿದ್ದರೆ ಆ ಹೇಂಟೆಯ ಹೆಣ್ಣುಮಕ್ಕಳು ಸರಾಸರಿ 6 ಮೊಟ್ಟೆ ಹೆಚ್ಚು ಇಡಬಹುದು, ಅಷ್ಟೇ. ಇದನ್ನು ಕೇಳಿ ಮುಖ ಸಣ್ಣದು ಮಾಡಿಕೊಂಡವರನ್ನು ಕಂಡಿದ್ದೇನೆ. ಆದರೆ ಪ್ರತಿ ತಲೆಮಾರಿನಲ್ಲೂ ಆರಾರು ಸೇರಿಸುತ್ತ ಹೋದದ್ದರಿಂದಲೇ ಮೊಟ್ಟೆಗಾಗಿಯೇ ಸಾಕುವ ಇಂದಿನ ಲೇಯರ್ ಕೋಳಿ ಹುಟ್ಟಿದ್ದು.

ಹೋಲಿಕೆಗೆ ಮೊಟ್ಟೆಯ ತೂಕವನ್ನು ನೋಡಿ. ಅಲ್ಲಿ ವಂಶವಾಹಿಯ ಪಾಲು ಸುಮಾರು ಅರ್ಧ. ದೊಡ್ಡ ಮೊಟ್ಟೆ ಇಡುವ ತಾಯಿಯನ್ನು ಕಣ್ಣು ಮುಚ್ಚಿ ನಂಬಬಹುದು. ಹೆಚ್ಚು ಮೊಟ್ಟೆ ಇಡುವ ತಾಯಿಯನ್ನು ನಂಬುವ ಮೊದಲು ಅದರ ಅಕ್ಕತಂಗಿಯರನ್ನು ನೋಡಿ. ಐದಾರು ಒಡಹುಟ್ಟಿದವರ ಸರಾಸರಿಯಲ್ಲಿ ಅದೃಷ್ಟದ ಪಾಲು ತಗ್ಗಿ ತಳಿಯ ಪಾಲು ಎದ್ದು ಕಾಣುತ್ತದೆ. ಹುಂಜವನ್ನು ಅಳೆಯುವುದೂ ಹೀಗೆಯೇ: ಮೊದಲು ಅಕ್ಕತಂಗಿಯರಿಂದ, ಆಮೇಲೆ ಹೆಣ್ಣುಮಕ್ಕಳಿಂದ.

ದಿನಕ್ಕೆ ಎರಡು ಮೊಟ್ಟೆ ಇಡುವ ತಳಿ ಬರಬಹುದೇ?

ಒಂದು ಮೊಟ್ಟೆ ತಯಾರಾಗುವುದನ್ನು ಹಿಂಬಾಲಿಸಿದರೆ ಉತ್ತರ ಸಿಗುತ್ತದೆ. ಅಂಡಾಶಯದಿಂದ ಜಾರಿದ ಹಳದಿಯ ಉಂಡೆಯನ್ನು ಅಂಡನಾಳದ ಬಾಯಿ ಕಾಲು ಗಂಟೆಯ ಆಸುಪಾಸಿನಲ್ಲಿ ಹಿಡಿದುಕೊಳ್ಳುತ್ತದೆ. ಗಂಡಿನ ಬೀಜ ಸೇರುವುದಾದರೆ ಅಲ್ಲಿಯೇ. ಮುಂದೆ ಸುಮಾರು 3 ಗಂಟೆ ಬಿಳಿ ಲೋಳೆ ಸುತ್ತಿಕೊಳ್ಳುತ್ತದೆ, ಒಂದು ಗಂಟೆಗಿಂತ ತುಸು ಹೆಚ್ಚು ಹೊತ್ತು ಒಳಪೊರೆ ಕಟ್ಟುತ್ತದೆ. ಕೊನೆಗೆ ಚಿಪ್ಪು. ಅದಕ್ಕೇ ಸುಮಾರು 20 ಗಂಟೆ ಬೇಕು. ಎಲ್ಲ ಸೇರಿ 24ರಿಂದ 26 ಗಂಟೆ. ಮೊಟ್ಟೆ ಇಟ್ಟ ಅರ್ಧ ಗಂಟೆಯ ಹೊತ್ತಿಗೆ ಮುಂದಿನ ಹಳದಿ ಜಾರುತ್ತದೆ.

25 ಗಂಟೆಯ ಕೆಲಸವನ್ನು 24 ಗಂಟೆಯ ದಿನಕ್ಕೆ ಹೊಂದಿಸಲು ಹೋದರೆ ದಿನಕ್ಕೊಂದಿಷ್ಟು ತಡವಾಗುತ್ತದೆ. ಇಂದು ಬೆಳಿಗ್ಗೆ 8ಕ್ಕೆ ಇಟ್ಟದ್ದು ನಾಳೆ 9ಕ್ಕೆ, ನಾಡಿದ್ದು 10ಕ್ಕೆ. ಅಂಡವನ್ನು ಜಾರಿಸುವ ಹಾರ್ಮೋನ್ ಉಕ್ಕುವುದು ರಾತ್ರಿಯ ನಿರ್ದಿಷ್ಟ 8ರಿಂದ 10 ಗಂಟೆಗಳ ಅವಧಿಯಲ್ಲಿ ಮಾತ್ರ. ಸರದಿ ಆ ಅವಧಿ ದಾಟಿದರೆ ಒಂದು ದಿನ ಖಾಲಿ, ಮರುದಿನ ಮತ್ತೆ ಬೆಳಿಗ್ಗೆಯಿಂದ ಹೊಸ ಸರದಿ. ಮೊಟ್ಟೆ ಕೋಳಿಯ ತಳಿಗಾರರು ದಶಕಗಳಿಂದ ಮಾಡಿದ ಮುಖ್ಯ ಕೆಲಸ ಈ ತಡವನ್ನು ಕಡಿಮೆ ಮಾಡಿದ್ದು. ಅಂತರ ಸರಿಯಾಗಿ 24 ಗಂಟೆಗೆ ಬಂದ ಹೇಂಟೆ ತಿಂಗಳುಗಟ್ಟಲೆ ಒಂದು ದಿನವನ್ನೂ ಬಿಡದೆ ಇಡುತ್ತದೆ. ನಿರಂತರ ಬೆಳಕಿನಲ್ಲಿ ಆಯ್ಕೆ ಮಾಡಿದ ಪ್ರಯೋಗಗಳಲ್ಲಿ ಅಂತರ 24 ಗಂಟೆಗಿಂತ ಕೆಳಗೂ ಇಳಿದಿದೆ. ಹಾಗೆಂದು ಚಿಪ್ಪಿಗೆ ಬೇಕಾದ 20 ಗಂಟೆಯನ್ನು ಅರ್ಧ ಮಾಡಲಾಗದು. ದಿನಕ್ಕೆ ಎರಡು ಎಂದು ಮಾರುವವರನ್ನು ನಂಬಬೇಡಿ. ಒಂದೇ ದಿನ ಎರಡು ಸಿಕ್ಕಿದರೂ ಅದರಲ್ಲೊಂದು ಸಾಮಾನ್ಯವಾಗಿ ತೆಳು ಚಿಪ್ಪಿನದು.

ಕಾಡುಕೋಳಿ ಒಂದು ಡಜನ್ ಇಟ್ಟರೆ ಲೇಯರ್ 300 ಇಡುತ್ತದೆ. ನಡುವೆ ಏನಾಯಿತು?

ಸಾಕುಕೋಳಿಯ ಮೂಲ ಆಗ್ನೇಯ ಏಷ್ಯಾದ ಕೆಂಪು ಕಾಡುಕೋಳಿ. ಹಳದಿ ಚರ್ಮದ ಜೀನ್ ಬೂದು ಕಾಡುಕೋಳಿಯಿಂದ ಬಂದು ಸೇರಿದೆ. ಕಾಡಿನಲ್ಲಿ ಹಗಲು ಉದ್ದವಾಗುವ ಕಾಲಕ್ಕೆ ಹೇಂಟೆ ಹತ್ತು ಹನ್ನೆರಡು ಮೊಟ್ಟೆ ಇಟ್ಟು ಕಾವು ಕೂರುತ್ತದೆ. ಹಗಲಿನ ಉದ್ದವನ್ನು ಕೋಳಿ ಕಣ್ಣಿನಿಂದ ಮಾತ್ರ ಅಳೆಯುವುದಿಲ್ಲ. ತಲೆಬುರುಡೆಯನ್ನು ತೂರಿ ಬರುವ ಬೆಳಕನ್ನು ಮಿದುಳಿನ ಒಳಗಿನ ಕೋಶಗಳೇ ಗ್ರಹಿಸುತ್ತವೆ. ಈ ಸಂದೇಶದ ಸರಪಳಿಯಲ್ಲಿ ಥೈರಾಯ್ಡ್ ಪ್ರಚೋದಕ ಹಾರ್ಮೋನಿನ ಗ್ರಾಹಕ ಒಂದು ಕೊಂಡಿ. 2010ರಲ್ಲಿ ಹಲವು ತಳಿಗಳ ಜೀನೋಮುಗಳನ್ನು ಹೋಲಿಸಿದಾಗ ಈ ಗ್ರಾಹಕದ ಜೀನ್‌ನ ಒಂದೇ ರೂಪ ಹೆಚ್ಚುಕಡಿಮೆ ಎಲ್ಲ ಸಾಕುಕೋಳಿಗಳಲ್ಲೂ ತುಂಬಿರುವುದು ಕಂಡಿತು. ಋತುವಿನ ಕಟ್ಟು ಸಡಿಲವಾದದ್ದಕ್ಕೂ ಇದಕ್ಕೂ ಸಂಬಂಧವಿದೆ ಎಂಬ ಊಹೆ ಅಲ್ಲಿಂದ ಹುಟ್ಟಿತು.

ನನಗೆ ಇನ್ನೂ ಸೋಜಿಗ ಎನಿಸುವುದು ಮುಂದಿನ ಭಾಗ. ಯುರೋಪಿನ ಹಳೆಯ ಕೋಳಿ ಮೂಳೆಗಳ ಡಿಎನ್‌ಎ ನೋಡಿದಾಗ, ಈ ರೂಪ ಅಲ್ಲಿ ವೇಗವಾಗಿ ಹರಡಿದ್ದು ಸುಮಾರು 1,000 ವರ್ಷಗಳ ಹಿಂದೆ ಎಂದು 2017ರ ಅಧ್ಯಯನ ಲೆಕ್ಕ ಹಾಕಿತು. ಕೋಳಿ ಮನೆ ಸೇರಿ ಎಷ್ಟೋ ಶತಮಾನ ಕಳೆದ ಮೇಲಿನ ಮಾತಿದು. ಮನುಷ್ಯ ಕೋಳಿಯನ್ನು ಮೊದಲು ಸಾಕಿದ್ದು ಮೊಟ್ಟೆಯ ಆಸೆಯಿಂದಲೇ ಇರಬೇಕೆಂದಿಲ್ಲ. ಒಂದು ಡಜನ್‌ನಿಂದ 300ಕ್ಕೆ ಏರಿದ ಹಾದಿಯ ದೊಡ್ಡ ಪಾಲು ಕಳೆದ ನೂರು ನೂರಿಪ್ಪತ್ತು ವರ್ಷಗಳದು. ಇಂದಿನ ಉತ್ತಮ ಸಾಲುಗಳ ಗುರಿ 100 ವಾರಗಳಲ್ಲಿ 500 ಮೊಟ್ಟೆ.

ಕೆಲವು ತಳಿ ಕಾವು ಕೂರುವುದೇ ಇಲ್ಲ, ಕೆಲವು ಎಬ್ಬಿಸಿದರೂ ಏಳುವುದಿಲ್ಲ. ಏಕೆ?

ಕಾವಿನ ಹಿಂದಿರುವುದು ಪ್ರೊಲ್ಯಾಕ್ಟಿನ್ ಹಾರ್ಮೋನ್. ಅದು ಏರಿದಾಗ ಅಂಡಾಶಯ ಕುಗ್ಗುತ್ತದೆ, ಮೊಟ್ಟೆ ನಿಲ್ಲುತ್ತದೆ, ಹೊಟ್ಟೆಯ ಪುಕ್ಕ ಉದುರಿ ಬರಿಮೈ ಮೊಟ್ಟೆಗೆ ತಾಗುತ್ತದೆ. ಒಮ್ಮೆ ಕಾವು ಕೂತ ಹೇಂಟೆ ಹಲವು ವಾರ ಮೊಟ್ಟೆ ಕೊಡುವುದಿಲ್ಲ. ಮರಿ ಮಾಡಿಸುವ ಯಂತ್ರ ಬಂದ ಮೇಲೆ ಕಾವು ಕೂರದ ಹೇಂಟೆಯೇ ಲಾಭದ್ದಾಯಿತು, ಬಿಳಿ ಲೆಗ್‌ಹಾರ್ನ್‌ನಂಥ ಮೊಟ್ಟೆ ತಳಿಯಲ್ಲಿ ಕಾವು ಕೂರುವ ಗುಣ ಬಹುತೇಕ ಅಳಿಸಿಹೋಯಿತು.

ಪ್ರೊಲ್ಯಾಕ್ಟಿನ್‌ನ ಜೀನ್ 2ನೇ ವರ್ಣತಂತುವಿನಲ್ಲಿದೆ, ಅದರ ಗ್ರಾಹಕದ ಜೀನ್ ಝಡ್‌ನಲ್ಲಿದೆ. ಜೀನ್‌ಗಳಲ್ಲಿ ಮೊದಲನೆಯದಾದ ಪ್ರೊಲ್ಯಾಕ್ಟಿನ್ ಜೀನ್‌ನ ಮುಂಭಾಗದಲ್ಲಿ 24 ಅಕ್ಷರಗಳ ಒಂದು ಸೇರ್ಪಡೆ ಕಾವು ಕೂರದ ತಳಿಗಳಲ್ಲಿ ಹೆಚ್ಚಾಗಿ ಕಾಣುತ್ತದೆ. ಅದೊಂದನ್ನೇ ನೋಡಿ ತೀರ್ಮಾನಿಸಬೇಡಿ, ತಳಿಯಿಂದ ತಳಿಗೆ ಅದರ ಪರಿಣಾಮ ಬದಲಾಗಿದೆ. ಕಾವು ಕೂರದ ಎರಡು ತಳಿಗಳನ್ನು ಕೂಡಿಸಿದಾಗ ಮಗಳು ಕಾವು ಕೂತರೂ ಬೆರಗಾಗಬೇಡಿ. ಎರಡು ತಳಿಗಳು ಬೇರೆ ಬೇರೆ ಕೊಂಡಿಗಳನ್ನು ಕಳೆದುಕೊಂಡಿದ್ದರೆ ಒಂದರ ಕೊರತೆಯನ್ನು ಇನ್ನೊಂದು ತುಂಬಿಬಿಡುತ್ತದೆ.

ಹೈಬ್ರಿಡ್ ಕೋಳಿಯ ಮೊಟ್ಟೆಯಿಂದ ಮರಿ ಮಾಡಿಸಿದರೆ ಅಷ್ಟೇ ಮೊಟ್ಟೆ ಸಿಗುತ್ತದೆಯೇ?

ಸಿಗುವುದಿಲ್ಲ. ಆ ಹೈಬ್ರಿಡ್ ಸಾಮಾನ್ಯವಾಗಿ ನಾಲ್ಕು ಬೇರೆ ಬೇರೆ ಸಾಲುಗಳ ಮೊಮ್ಮಗಳು. ಮೊಟ್ಟೆಯ ಸಂಖ್ಯೆ, ಬದುಕುಳಿಯುವಿಕೆ, ಮರಿಯಾಗುವಿಕೆಯಂಥ ಗುಣಗಳು ದೂರದ ಸಾಲುಗಳನ್ನು ಕೂಡಿಸಿದಾಗ ತಂದೆತಾಯಿಯ ಸರಾಸರಿಗಿಂತ ಮೇಲೇರುತ್ತವೆ. ಅದೇ ಸಂಕರ ಬಲ. ಹೈಬ್ರಿಡ್‌ಗಳನ್ನೇ ತಮ್ಮೊಳಗೆ ಕೂಡಿಸಿದರೆ ಆ ಬಲದ ಒಂದು ಪಾಲು ಕರಗುತ್ತದೆ, ಮರಿಗಳು ಒಂದೊಂದೂ ಒಂದೊಂದು ತೆರ. ಕೆಟ್ಟ ಕೋಳಿಗಳೇನಲ್ಲ, ಆದರೆ ತಾಯಿಯ ಪ್ರತಿರೂಪಗಳಲ್ಲ. ಹೊಸ ಹಿಂಡು ಕಟ್ಟುವ ಆಸೆ ಇದ್ದವರಿಗೆ ಈ ವೈವಿಧ್ಯ ಒಳ್ಳೆಯ ಕಚ್ಚಾ ಸಾಮಗ್ರಿ, ಅಷ್ಟು ತಾಳ್ಮೆ ಇರಬೇಕು.

ಕಿವಿಹಾಲೆ ನೋಡಿ ಮೊಟ್ಟೆಯ ಬಣ್ಣ ಹೇಳಬಹುದೇ?

ಬಹಳ ಸಲ ಹೊಂದುತ್ತದೆ, ನಿಯಮವಲ್ಲ. ಬಿಳಿ ಹಾಲೆಯ ಪೆನೆಡೆಸೆಂಕಾ ಎಂಬ ತಳಿ ಗಾಢ ಕಂದು ಮೊಟ್ಟೆ ಇಡುತ್ತದೆ. ಕಂದು ಬಣ್ಣವನ್ನು ಚಿಪ್ಪಿನ ಕೊನೆಯ ಹಂತದಲ್ಲಿ ಬಳಿಯಲಾಗುತ್ತದೆ, ಅದಕ್ಕೇ ಒಳಭಾಗ ಬಿಳಿ. ಹಲವು ಜೀನ್‌ಗಳ ಕೆಲಸವದು. ನೀಲಿಯ ಕತೆ ಬೇರೆ: 1ನೇ ವರ್ಣತಂತುವಿನಲ್ಲಿ ಹಳೆಯ ವೈರಸ್ಸೊಂದರ ತುಣುಕು ಬಂದು ಕೂತು, ಪಕ್ಕದ ಜೀನ್ ಅನ್ನು ಚಿಪ್ಪಿನ ಗ್ರಂಥಿಯಲ್ಲಿ ಎಬ್ಬಿಸಿದ್ದರಿಂದ ಆ ಬಣ್ಣ. 2013ರಲ್ಲಿ ಇದು ಪತ್ತೆಯಾಯಿತು. ಚಿಲಿಯ ಕೋಳಿಗಳಲ್ಲಿ ಮತ್ತು ಚೀನಾದ ಕೋಳಿಗಳಲ್ಲಿ ಈ ಘಟನೆ ಬೇರೆ ಬೇರೆಯಾಗಿ ನಡೆದಿದೆ. ನೀಲಿಯ ಮೇಲೆ ಕಂದು ಬಿದ್ದರೆ ಹಸಿರು. ಬಣ್ಣಕ್ಕೂ ಪೌಷ್ಟಿಕತೆಗೂ ಸಂಬಂಧವಿಲ್ಲ.

ಬೇಗ ಬೇಗ ಇಟ್ಟರೆ ಹೊಟ್ಟೆಯಲ್ಲಿನ ಮೊಟ್ಟೆಗಳು ಮುಗಿದುಹೋಗುತ್ತವೆಯೇ?

ಮುಗಿಯುವುದಿಲ್ಲ. ಮೊಟ್ಟೆಯೊಡೆದು ಬಂದ ಹೆಣ್ಣುಮರಿಯ ಅಂಡಾಶಯದಲ್ಲಿ ಲಕ್ಷಗಟ್ಟಲೆ ಅಂಡಕೋಶಗಳಿರುತ್ತವೆ. ಸಾಮಾನ್ಯವಾಗಿ ಎಡಭಾಗದ ಅಂಡಾಶಯ ಮಾತ್ರ ಬೆಳೆಯುತ್ತದೆ, ಅಷ್ಟಾದರೂ ದಾಸ್ತಾನು ಬೇಕಾದ್ದಕ್ಕಿಂತ ಎಷ್ಟೋ ಪಟ್ಟು. ವಯಸ್ಸಾದಂತೆ ಮೊಟ್ಟೆ ಇಳಿಯುವುದು ದಾಸ್ತಾನು ತೀರಿದ್ದರಿಂದಲ್ಲ, ಅಂಡಗಳನ್ನು ಬೆಳೆಸಿ ಜಾರಿಸುವ ಲಯ ನಿಧಾನವಾಗುವುದರಿಂದ.

ಮಾಂಸದ ಕೋಳಿ ಏಕೆ ಕಡಿಮೆ ಇಡುತ್ತದೆ?

ವೇಗದ ಬೆಳವಣಿಗೆಗೂ ಮೊಟ್ಟೆಯ ಸಂಖ್ಯೆಗೂ ಎಣ್ಣೆ ಸೀಗೆಕಾಯಿ ಸಂಬಂಧ. ಬ್ರಾಯ್ಲರ್ ಸಾಲಿನ ಹೇಂಟೆಗೆ ಹೊಟ್ಟೆ ತುಂಬ ಮೇವು ಕೊಟ್ಟರೆ ಒಂದೇ ಹೊತ್ತಿಗೆ ಎರಡು ಮೂರು ಹಳದಿಗಳು ಬಲಿತು, ಎರಡು ಹಳದಿಯ ಅಥವಾ ಚಿಪ್ಪಿಲ್ಲದ ಮೊಟ್ಟೆಗಳು ಹೆಚ್ಚುತ್ತವೆ. ಅದಕ್ಕೇ ಅವುಗಳ ತಾಯಿಕೋಳಿಗಳಿಗೆ ಮೇವನ್ನು ಅಳೆದು ಕೊಡುತ್ತಾರೆ. ಲೇಯರ್‌ಗಳಲ್ಲೂ ಒಂದು ಎಳೆದಾಟ ಇದ್ದೇ ಇದೆ: ಸಂಖ್ಯೆಯನ್ನಷ್ಟೇ ಆರಿಸುತ್ತ ಹೋದರೆ ಮೊಟ್ಟೆ ಚಿಕ್ಕದಾಗುತ್ತದೆ.

ಮೊಟ್ಟೆಯಲ್ಲಿ ಮೀನಿನ ವಾಸನೆ ಬರುವುದೂ ತಳಿಯಿಂದಲೇ?

ತಳಿ ಮತ್ತು ಮೇವು ಸೇರಿದಾಗ. ದೇಹದಲ್ಲಿ ಉಂಟಾಗುವ ಟ್ರೈಮೀಥೈಲ್‌ಅಮೀನ್ ಎಂಬ ಮೀನು ವಾಸನೆಯ ವಸ್ತುವನ್ನು ಒಡೆಯುವ ಕಿಣ್ವದ ಜೀನ್‌ನಲ್ಲಿ ದೋಷವಿರುವ ಕೋಳಿಗಳಿವೆ, ಹೆಚ್ಚಾಗಿ ಕಂದು ಮೊಟ್ಟೆಯ ಸಾಲುಗಳಲ್ಲಿ. ಅಂಥವಕ್ಕೆ ರೇಪ್‌ಸೀಡ್ ಹಿಂಡಿ ತಿನ್ನಿಸಿದರೆ ವಾಸನೆ ಹಳದಿಗೆ ಸೇರುತ್ತದೆ. 2005ರಲ್ಲಿ ದೋಷ ಪತ್ತೆಯಾದ ಮೇಲೆ ಪರೀಕ್ಷೆ ಮಾಡಿ ಅದನ್ನು ಸಾಲುಗಳಿಂದ ತೆಗೆಯುವುದು ಸಾಧ್ಯವಾಯಿತು. ಒಂದೇ ಜೀನ್‌ನ ಸಮಸ್ಯೆ ಇಷ್ಟು ಬೇಗ ಬಗೆಹರಿಯುತ್ತದೆ. ನೂರಾರು ಜೀನ್‌ಗಳ ಸಮಸ್ಯೆ ಹಾಗಲ್ಲ.

ಇಷ್ಟೊಂದು ಮೊಟ್ಟೆ ಇಡಿಸುವುದರಿಂದ ಕೋಳಿಗೆ ತೊಂದರೆ ಇಲ್ಲವೇ?

ಇದೆ, ಇದನ್ನು ಮರೆಸಿ ಮಾತನಾಡುವುದು ತಪ್ಪು. ಪ್ರತಿ ಚಿಪ್ಪಿನಲ್ಲಿ ಸುಮಾರು 2 ಗ್ರಾಂ ಕ್ಯಾಲ್ಸಿಯಂ ಇದೆ. ಚಿಪ್ಪು ಕಟ್ಟುವುದು ಹೆಚ್ಚಾಗಿ ರಾತ್ರಿ, ಆಗ ಹೊಟ್ಟೆಯಲ್ಲಿ ಮೇವು ಕಡಿಮೆ. ಹಾಗಾಗಿ ಮೂಳೆಯೊಳಗಿನ ಒಂದು ವಿಶೇಷ ಮೃದು ಮೂಳೆಯಿಂದ ಕ್ಯಾಲ್ಸಿಯಂ ಬರುತ್ತದೆ. ಮೊಟ್ಟೆ ಆರಂಭವಾದ ಮೇಲೆ ಗಟ್ಟಿ ಮೂಳೆ ಹೊಸದಾಗಿ ಕಟ್ಟಿಕೊಳ್ಳುವುದು ಬಹುತೇಕ ನಿಲ್ಲುತ್ತದೆ, ಸವೆತ ಮಾತ್ರ ಮುಂದುವರಿಯುತ್ತದೆ. ಎದೆಯ ಮೂಳೆ ಮುರಿದು ವಕ್ರವಾಗಿ ಕೂಡಿಕೊಂಡ ಹೇಂಟೆಗಳು ಮೊಟ್ಟೆ ಇಡುತ್ತಲೇ ಇರುತ್ತವೆ. ಲೆಕ್ಕದ ಪುಸ್ತಕದಲ್ಲಿ ಅವುಗಳ ನೋವು ಕಾಣುವುದಿಲ್ಲ. ಬೆರಳಿಟ್ಟು ಎದೆಮೂಳೆ ಸವರಿ ನೋಡಿದವರಿಗೆ ಮಾತ್ರ ಗೊತ್ತಾಗುತ್ತದೆ.

ಸಮಾಧಾನದ ಸಂಗತಿ ಎಂದರೆ ಮೂಳೆಯ ಬಲವೂ ವಂಶದಿಂದ ಬರುತ್ತದೆ. ಬಲವಾದ ಮೂಳೆ, ದುರ್ಬಲ ಮೂಳೆ ಎಂದು ಎರಡು ಸಾಲು ಮಾಡಿ ಆರಿಸಿದ ಪ್ರಯೋಗದಲ್ಲಿ ಕೆಲವೇ ತಲೆಮಾರುಗಳಲ್ಲಿ ಸಾಲುಗಳು ಸ್ಪಷ್ಟವಾಗಿ ಬೇರೆಯಾದವು. ಬಿಡದೆ ಇಡುವ, ಮೂಳೆ ನೆಟ್ಟಗಿರುವ ಹೇಂಟೆಗಳು ಇವೆ. ಅವುಗಳನ್ನು ಹುಡುಕುವ ಕೆಲಸ ನಮ್ಮದು.

ಡಿಎನ್‌ಎ ಪರೀಕ್ಷೆ ಮಾಡಿಸಿದರೆ ಇದೆಲ್ಲ ತಾಪತ್ರಯ ತಪ್ಪುತ್ತದೆಯೇ?

ದೊಡ್ಡ ತಳಿ ಸಂಸ್ಥೆಗಳಿಗೆ ತಪ್ಪಿದೆ. 2004ರಲ್ಲಿ ಕೋಳಿಯ ಜೀನೋಮ್ ಓದಲಾಯಿತು, ಹಕ್ಕಿಗಳಲ್ಲಿ ಅದೇ ಮೊದಲು. ಈಗ ಡಿಎನ್‌ಎಯಲ್ಲಿನ ಲಕ್ಷಗಟ್ಟಲೆ ಗುರುತುಗಳನ್ನು ಒಟ್ಟಿಗೆ ಓದಿ, ಒಂದೇ ತಾಯಿಯ ಇಬ್ಬರು ಹುಂಜಮರಿಗಳಲ್ಲಿ ಯಾವುದು ಮೇಲು ಎಂದು ಎಳೆತನದಲ್ಲೇ ಅಂದಾಜಿಸುತ್ತಾರೆ. ಮುಂಚೆ ಅಕ್ಕತಂಗಿಯರ ಲೆಕ್ಕವೊಂದೇ ಇದ್ದಾಗ ಅಣ್ಣತಮ್ಮಂದಿರೆಲ್ಲ ಒಂದೇ ಸಮ ಕಾಣುತ್ತಿದ್ದರು. ಆದರೆ ಈ ಅಂದಾಜು ನಿಲ್ಲುವುದು ಅದೇ ಸಾಲಿನ ಸಾವಿರಾರು ಹೇಂಟೆಗಳ ಮೊಟ್ಟೆಯ ದಾಖಲೆಯ ಮೇಲೆ. ಒಂದು ಸಾಲಿನ ಗುರುತುಗಳು ಬೇರೆ ಸಾಲಿನಲ್ಲಿ ಅಷ್ಟಾಗಿ ಕೆಲಸ ಮಾಡುವುದಿಲ್ಲ.

ಸಣ್ಣ ಹಿಂಡಿನಲ್ಲಿ ನಾನೇ ಆಯ್ಕೆ ಮಾಡಬಹುದೇ?

ಧಾರಾಳವಾಗಿ. ಕಾಲಿಗೆ ಬಳೆ ಹಾಕಿ, ತಾನಾಗಿ ಮುಚ್ಚುವ ಗೂಡು ಇಡಿ, ಒಂದು ಪುಸ್ತಕ ಇಡಿ. ಹೋಲಿಸುವ ಕೋಳಿಗಳೆಲ್ಲ ಒಂದೇ ವಾರ ಹುಟ್ಟಿ, ಒಂದೇ ಮೇವು ಮತ್ತು ಬೆಳಕಿನಲ್ಲಿ ಬೆಳೆದಿರಲಿ, ಇಲ್ಲವಾದರೆ ಋತುವನ್ನೇ ತಳಿ ಎಂದು ತಪ್ಪು ತಿಳಿಯುತ್ತೀರಿ. ಮೊದಲ ಮೂರು ನಾಲ್ಕು ತಿಂಗಳ ಲೆಕ್ಕ ಬಹಳಷ್ಟು ಹೇಳುತ್ತದೆ, ಬೆಳೆಯುವ ಸಿರಿ ಮೊಳಕೆಯಲ್ಲಿ ಎಂಬಂತೆ. ಆದರೆ ಕೊನೆಯವರೆಗೂ ಲಯ ಹಿಡಿಯುತ್ತದೆಯೇ ಎಂಬುದನ್ನು ಅದು ಹೇಳುವುದಿಲ್ಲ.

ಒಂದೇ ಹುಂಜದ ಮೇಲೆ ಎಲ್ಲವನ್ನೂ ಹೇರಬೇಡಿ, ಕನಿಷ್ಠ ಮೂರು ನಾಲ್ಕು ಕುಟುಂಬಗಳಿರಲಿ, ಪ್ರತಿ ಋತುವಿನಲ್ಲಿ ಹುಂಜವನ್ನು ಮುಂದಿನ ಕುಟುಂಬಕ್ಕೆ ಬದಲಿಸಿ. ಅಣ್ಣತಂಗಿಯನ್ನು ಕೂಡಿಸಿದರೆ ಮರಿಗಳಲ್ಲಿ ಒಳಸಂಬಂಧ ಒಮ್ಮೆಗೇ ಶೇಕಡಾ 25ಕ್ಕೆ ಏರುತ್ತದೆ. ಮೊದಲು ಪೆಟ್ಟು ಬೀಳುವುದು ಮೊಟ್ಟೆಯ ಸಂಖ್ಯೆಗೆ ಮತ್ತು ಮರಿಯಾಗುವಿಕೆಗೆ.

ಮೂರು ವರ್ಷದ ಹೇಂಟೆಯಿಂದ ಮರಿ ಮಾಡಿಸಬಹುದೇ? ಮುದಿಯಾಯಿತಲ್ಲ?

ಮಾಡಿಸಬಹುದು, ಮಾಡಿಸಬೇಕು. ವಯಸ್ಸಾದರೆ ವಂಶವಾಹಿ ಹಳಸುವುದಿಲ್ಲ. ಒಂದು ವರ್ಷದ ಹೇಂಟೆಯ ಬಗ್ಗೆ ನಮಗೆ ಗೊತ್ತಿರುವುದು ಅದರ ಆರಂಭ ಮಾತ್ರ. ಮೂರು ವರ್ಷದ್ದು ಎರಡು ಸಲ ಪುಕ್ಕ ಉದುರಿಸಿ ಮತ್ತೆ ಇಟ್ಟಿದೆ, ರೋಗಗಳನ್ನು ದಾಟಿದೆ, ಅದರ ಎದೆಮೂಳೆ ಹೇಗಿದೆ ಎಂದು ಮುಟ್ಟಿ ನೋಡಬಹುದು, ಹೆಣ್ಣುಮಕ್ಕಳ ಲೆಕ್ಕ ಪುಸ್ತಕದಲ್ಲಿದೆ. ಮೊಟ್ಟೆಗಳು ಕಡಿಮೆ, ಮರಿಯಾಗುವುದೂ ಕಡಿಮೆ. ಹಾಗಾಗಿ ಋತು ಆರಂಭವಾದೊಡನೆ ಅದನ್ನು ಬೇರೆ ಗೂಡಿಗೆ ಹಾಕಿ ಎಳೆಯ, ಚುರುಕಾದ ಹುಂಜವನ್ನು ಜೊತೆಗೆ ಬಿಡಿ. ಬಂದ ಮರಿಗಳಲ್ಲಿ ಗಂಡುಗಳ ಕಾಲಿಗೆ ಮೊದಲು ಬಳೆ ಹಾಕಿ.